ಸೊನ್ನಲಿಗೆಯ ಹೋಮದ ರಾತ್ರಿ

ಸೊಲ್ಲಾಪುರಕ್ಕೆ ನಮ್ಮಂತೆ ಕಡಲಿಲ್ಲ. ಊರ ನಡುವೆ ಒಂದು ಕೆರೆಯಿದೆ. ದಂಡೆಯಲ್ಲಿ ಹಳೆಯ ಕೋಟೆ, ನೀರಿನ ನಡುವೆ ಸಿದ್ಧೇಶ್ವರನ ಗುಡಿ. ಸಂಜೆಯಾದರೆ ಊರೇ ಗಾಳಿಗೆಂದು ಅತ್ತ ಹೊರಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಈ ಕೆರೆಯನ್ನು ಕಟ್ಟಿಸಿದವನು ವಚನಕಾರ ಸಿದ್ಧರಾಮ. ಊರಿಗೆ ಆಗ ಸೊನ್ನಲಿಗೆಯೆಂದು ಹೆಸರು. ಅವನ ಕಥೆಯನ್ನು ರಾಘವಾಂಕ ಕನ್ನಡ ಕಾವ್ಯವಾಗಿಸಿದ. ಅದೇ ಊರಿನ ಮಗಳು ಜಯದೇವಿತಾಯಿ ಲಿಗಾಡೆಯವರು ಇಪ್ಪತ್ತನೆಯ ಶತಮಾನದಲ್ಲಿ ಅದನ್ನೇ ತ್ರಿಪದಿಯಲ್ಲಿ ಹಾಡಿದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಅವರು ಆ ಪೀಠವೇರಿದ ಮೊದಲ ಮಹಿಳೆ.

ಸಂಕ್ರಾಂತಿಗೆ ಇಲ್ಲಿ ನಡೆಯುವುದು ಗಡ್ಡಾ ಜಾತ್ರೆ. ಸಿದ್ಧರಾಮನನ್ನು ಮದುವೆಯಾಗಬಯಸಿದ ಕುಂಬಾರರ ಕನ್ಯೆಗೆ ಆ ಯೋಗಿ ತನ್ನ ಯೋಗದಂಡವನ್ನೇ ವರಿಸಲು ಹೇಳಿದನಂತೆ. ಆ ಮದುವೆಯ ನೆನಪಿಗೆ ಏಳು ನಂದಿಧ್ವಜಗಳ ಮೆರವಣಿಗೆ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಎತ್ತರದ ಕೋಲುಗಳನ್ನು ಹೊತ್ತು ಸಾಗುತ್ತಾರೆ. ಬೇರೆ ಬೇರೆ ಸಮಾಜದವರಿಗೆ ಬೇರೆ ಬೇರೆ ಧ್ವಜದ ಮಾನ. ಮೊದಲು ಅರವತ್ತೆಂಟು ಲಿಂಗಗಳಿಗೆ ಎಣ್ಣೆ, ಮರುದಿನ ಅಕ್ಷತೆ, ಅದರ ಮರುದಿನ ಹೋಮ.

ನಾನು ನೋಡಿದ್ದು ಹೋಮದ ರಾತ್ರಿ. ನಾಗಫಣಿ ಕಟ್ಟಿದ ಮೊದಲ ಧ್ವಜ ದೀಪಗಳೊಡನೆ ತೂಗುತ್ತ ಮೈದಾನಕ್ಕೆ ಬಂತು. ಹೋಮದ ಬೆಂಕಿ ಎದ್ದಿತು. ಆಮೇಲೆ ದಿನವೆಲ್ಲ ಉಪವಾಸವಿಟ್ಟ ಕರುವಿನ ಮುಂದೆ ಮೇವಿಟ್ಟು ಅದರ ನಡೆಯಿಂದ ಮಳೆ ಬೆಳೆಯ ಭವಿಷ್ಯ ನುಡಿದರು. ನಂಬುವುದು ಬಿಡುವುದು ಬೇರೆ ಮಾತು. ಮಳೆ ಕಡಿಮೆಯಿರುವ ಜೋಳದ ಸೀಮೆಯ ಒಕ್ಕಲು ಉಸಿರು ಹಿಡಿದು ನಿಂತಿತ್ತು. ನನ್ನ ಪಕ್ಕದಲ್ಲಿ ಅಕ್ಕಲಕೋಟೆ ಕಡೆಯ ಒಂದು ಕುಟುಂಬ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮೊಮ್ಮಗ ಮರಾಠಿಯಲ್ಲಿ ಉತ್ತರಿಸುತ್ತಿದ್ದ. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಈ ಜಾತ್ರೆಯ ಹೊಸ್ತಿಲಲ್ಲೇ ಇನ್ನೊಂದು ನೆನಪು ನಿಂತಿದೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿಗೆ ಗಿರಣಿಗಳ ಈ ಊರು ಸಿಡಿದೆದ್ದಾಗ ಬ್ರಿಟಿಷರು ಮಾರ್ಷಲ್ ಲಾ ಹೇರಿದರು. ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರ್ಡಾ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಆ ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಸಾಕು, ಸೊಲ್ಲಾಪುರ ಯಾರ ಊರೆಂಬುದಕ್ಕೆ ಉತ್ತರ ಸಿಗುತ್ತದೆ. ಅದು ಒಂದೇ ಭಾಷೆಯ, ಒಂದೇ ಮತದ ಊರಾಗಿರಲಿಲ್ಲ.

ನಮಗೂ ಅವರಿಗೂ ಒಂದು ನಂಟಿದೆ. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಅಕ್ಕಲಕೋಟೆ ತಾಲೂಕನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಹೇಳಿತು. ಎರಡೂ ಆಗಲಿಲ್ಲ. ನಾವು ಕೇರಳದಲ್ಲಿ, ಅವರು ಮಹಾರಾಷ್ಟ್ರದಲ್ಲಿ ಉಳಿದೆವು. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದ ಊರಿನಲ್ಲಿ ಇಂದು ಅಂಗಡಿಯ ಫಲಕಗಳು ಹೆಚ್ಚಾಗಿ ಮರಾಠಿಯವು.

ಆದರೂ ಎಣ್ಣೆಯ ದಿನವನ್ನು ಮರಾಠಿ ಮಾತಾಡುವವರೂ 'ಯಣ್ಣಿಮಜ್ಜನ' ಎಂದೇ ಕರೆಯುತ್ತಾರೆ. ಎಣ್ಣೆ, ಮಜ್ಜನ: ವಚನಗಳನ್ನು ಓದಿದವರಿಗೆ ಪರಿಚಿತ ಮಾತುಗಳು. ಗಡಿ ಎಳೆದವರಿಗೆ ಈ ಪದವನ್ನು ಅಳಿಸಲಾಗಲಿಲ್ಲ. ಆದರೆ ಪದ ಉಳಿದು ಅರ್ಥ ಹೋದರೆ ಅದು ಬರಿಯ ಸದ್ದು. ಆಚರಣೆ ಪದವನ್ನು ಕಾಯಬಲ್ಲುದು. ಅರ್ಥವನ್ನು ಕಾಯಬೇಕಾದದ್ದು ಮನೆ ಮತ್ತು ಶಾಲೆ. ಆ ಹುಡುಗನಿಗೆ ಮರಾಠಿ ಬರುವುದು ಲಾಭವೇ, ನಮ್ಮ ಮಕ್ಕಳಿಗೆ ಮಲಯಾಳ ಬರುವಂತೆ. ಅವನ ಅಜ್ಜಿಯ ಮಾತು ಅವನಿಗೆ ಓದಲೂ ಬರಬೇಕು, ಅಷ್ಟೆ. ಸಿದ್ಧರಾಮನ ವಚನವನ್ನು ಅವನು ಸಿದ್ಧರಾಮನ ನುಡಿಯಲ್ಲೇ ಓದಿದ ದಿನ ಆ ಕೆರೆ ಅವನಿಗೆ ಇನ್ನಷ್ಟು ಆಳವಾಗಿ ಕಂಡೀತು.