ಅಧ್ರುವವಾದ ಧ್ರುವಗಳು
(ಬಾನುಲಿ ಭಾಷಣ)

'ಧ್ರುವ' ಎಂಬ ಶಬ್ದಕ್ಕೆ ಸ್ಥಿರವಾದದ್ದು, ಕದಲದೆ ಇರುವುದು ಎಂದು ಅರ್ಥ. ತಂದೆಯ ತೊಡೆಯ ಮೇಲೆ ತನಗೆ ದೊರೆಯದ ಎಡೆಯನ್ನು ತಪಸ್ಸಿನಿಂದ ಆಕಾಶದಲ್ಲಿ ಪಡೆದ ಬಾಲಕನ ಕಥೆ ನಮ್ಮಲ್ಲಿ ಮನೆಮನೆಗೂ ಪರಿಚಿತವಾದದ್ದು. ವಿವಾಹಕಾಲದಲ್ಲಿ ವಧುವಿಗೆ ಧ್ರುವನಕ್ಷತ್ರವನ್ನು ತೋರಿಸುವ ಸಂಪ್ರದಾಯದ ಹಿಂದೆಯೂ ಅದೇ ಆಶಯವಿದೆ. ಭೂಮಿಯ ಎರಡು ತುದಿಗಳಿಗೆ ನಾವು ಕೊಟ್ಟಿರುವುದೂ ಇದೇ ಹೆಸರನ್ನು. ಆದರೆ ಕಳೆದ ನಾಲ್ಕು ನೂರು ವರ್ಷಗಳ ವಿಜ್ಞಾನದ ಚರಿತ್ರೆಯನ್ನು ಅವಲೋಕಿಸಿದರೆ ಈ ಹೆಸರು ಎಷ್ಟರ ಮಟ್ಟಿಗೆ ಅನ್ವರ್ಥಕವೆಂಬ ಸಂದೇಹ ಹುಟ್ಟದೆ ಇರದು. 'ಉತ್ತರ ಧ್ರುವ ಎಲ್ಲಿದೆ?' ಎಂದು ಕೇಳಿದವರಿಗೆ 'ಯಾವ ಉತ್ತರ ಧ್ರುವ? ಯಾವ ದಿನದ್ದು?' ಎಂದು ಮರುಪ್ರಶ್ನೆ ಹಾಕಬೇಕಾಗಿ ಬಂದದ್ದು ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ಧ್ರುವದ ಮೊದಲ ಲಕ್ಷಣವನ್ನು ಮನುಷ್ಯ ಕಂಡುಕೊಂಡದ್ದು ನೆಲದ ಮೇಲಲ್ಲ, ಆಕಾಶದಲ್ಲಿ. ಇರುಳೆಲ್ಲ ನಕ್ಷತ್ರಗಳು ಯಾವ ಬಿಂದುವನ್ನು ಸುತ್ತುತ್ತವೆಯೋ ಆ ಬಿಂದು ನೆತ್ತಿಯ ಮೇಲೆ ನೇರವಾಗಿ ನಿಲ್ಲುವ ಸ್ಥಳವೇ ಭೂಮಿಯ ತುದಿ. ನಮ್ಮ ಸೂರ್ಯಸಿದ್ಧಾಂತವು ಮೇರುವಿನಲ್ಲಿರುವ ದೇವತೆಗಳಿಗೆ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂದು ಹೇಳುತ್ತದೆ. ಅಲ್ಲಿಗೆ ಯಾರೂ ಹೋಗದೆಯೇ ಗಣಿತದ ಬಲದಿಂದ ಆ ಸ್ಥಳದ ಹಗಲಿರುಳುಗಳನ್ನು ತಿಳಿದಿದ್ದರು. ಆದರೆ ಧ್ರುವನಕ್ಷತ್ರ ಆ ಬಿಂದುವಿನಲ್ಲಿಯೇ ಇಲ್ಲ. ಅದರಿಂದ ಮುಕ್ಕಾಲು ಅಂಶಕ್ಕೂ ಕಡಿಮೆಯಷ್ಟು ದೂರದಲ್ಲಿದ್ದು, ತಾನೂ ದಿನಕ್ಕೊಂದು ಚಿಕ್ಕ ವೃತ್ತವನ್ನು ಬರೆಯುತ್ತದೆ. ಭೂಮಿಯ ಅಕ್ಷವು ಬುಗುರಿಯಂತೆ ತೂಗಾಡುತ್ತ ಸುಮಾರು 26,000 ವರ್ಷಗಳಿಗೊಮ್ಮೆ ಆಕಾಶದಲ್ಲಿ ಒಂದು ಸುತ್ತನ್ನು ಮುಗಿಸುವುದರಿಂದ ಧ್ರುವನ ಪದವಿಯೂ ಒಂದು ತಾರೆಯಿಂದ ಮತ್ತೊಂದಕ್ಕೆ ಸಲ್ಲುತ್ತದೆ. ಈಗಿನ ತಾರೆಗೆ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಆ ಪದವಿ ಇರಲಿಲ್ಲ. ಆದರೆ ಇದು ಅಕ್ಷದ ದಿಕ್ಕು ಆಕಾಶದಲ್ಲಿ ಬದಲಾಗುವ ಮಾತು. ಅಕ್ಷವು ನೆಲವನ್ನು ಹಾಯುವ ಬಿಂದುವಾದರೂ ಅಲುಗದೆ ಇದೆಯೆಂದು ಜನ ಬಹುಕಾಲ ನಂಬಿದ್ದರು.

ಎರಡನೆಯ ಬಗೆಯ ಧ್ರುವವನ್ನು ತೋರಿಸಿಕೊಟ್ಟದ್ದು ಸೂಜಿಗಲ್ಲು. ಸೂಜಿ ಸರಿಯಾಗಿ ದಕ್ಷಿಣೋತ್ತರವಾಗಿ ನಿಲ್ಲದೆ ತುಸು ವಾಲುತ್ತದೆ ಎಂಬುದನ್ನು ಚೀನಾ ದೇಶದ ಶೆನ್ ಕುವೊ ಎಂಬ ಪಂಡಿತ 1088ರ ವೇಳೆಗೇ ಬರೆದಿಟ್ಟಿದ್ದಾನೆ. ಈ ವಾಲುವಿಕೆಗೆ ನಮ್ಮ ಶಾಸ್ತ್ರಗ್ರಂಥಗಳಲ್ಲಿ ದಿಕ್ಪಾತವೆಂದು ಹೆಸರು. ಲಂಡನ್ನಿನಲ್ಲಿ ದಿಕ್ಸೂಚಿಗಳನ್ನು ತಯಾರಿಸುತ್ತಿದ್ದ ರಾಬರ್ಟ್ ನಾರ್ಮನ್ ಎಂಬ ಕುಶಲಕರ್ಮಿ ಮತ್ತೊಂದು ವಿಚಿತ್ರವನ್ನು ಗಮನಿಸಿದ. ಸಮತೂಕವಾಗಿ ಕೂರಿಸಿದ್ದ ಉಕ್ಕಿನ ಸೂಜಿ ಸೂಜಿಗಲ್ಲಿನ ಸ್ಪರ್ಶ ಪಡೆದೊಡನೆ ಉತ್ತರದ ತುದಿಯನ್ನು ನೆಲದತ್ತ ಬಾಗಿಸುತ್ತಿತ್ತು. ಆ ಬಾಗನ್ನು ಅಳೆಯುವ ಉಪಕರಣವನ್ನು ರಚಿಸಿ 1581ರಲ್ಲಿ ಅವನು ಒಂದು ಪುಸ್ತಕವನ್ನು ಪ್ರಕಟಿಸಿದ. ಈ ಬಾಗುವಿಕೆಯೇ ನತಿ. ರಾಣಿ ಎಲಿಜಬೆತ್ತಳ ವೈದ್ಯನಾಗಿದ್ದ ವಿಲಿಯಂ ಗಿಲ್ಬರ್ಟ್ ಸೂಜಿಗಲ್ಲನ್ನೇ ಗೋಳವಾಗಿ ಕಡೆಸಿ, ಅದರ ಮೇಲೆ ಪುಟ್ಟ ಸೂಜಿಗಳನ್ನಿಟ್ಟು ಪರೀಕ್ಷಿಸಿ, ಭೂಮಿಯೇ ಒಂದು ಮಹಾ ಅಯಸ್ಕಾಂತವೆಂದು 1600ರಲ್ಲಿ ಸಾರಿದ. ಸೂಜಿ ನೆಟ್ಟಗೆ ಕೆಳಮುಖವಾಗಿ ನಿಲ್ಲುವ ಸ್ಥಳವೇ ಧ್ರುವವೆಂಬ ಕಲ್ಪನೆಗೆ ಇದು ಬುನಾದಿ.

ಗಿಲ್ಬರ್ಟನ ಮತದಲ್ಲಿ ಕಾಂತಧ್ರುವವೂ ಭೌಗೋಳಿಕ ಧ್ರುವವೂ ಒಂದೇ. ದಿಕ್ಪಾತಕ್ಕೆ ಖಂಡಗಳ ಏರುಪೇರು ಕಾರಣವಾದ್ದರಿಂದ ಒಂದೊಂದು ಊರಿನಲ್ಲಿ ಅದು ಎಂದೆಂದಿಗೂ ಒಂದೇ ಆಗಿರಬೇಕು. ಈ ನಂಬಿಕೆ ಒಂದು ತಲೆಮಾರಿನಷ್ಟೂ ಬಾಳಲಿಲ್ಲ. ಲಂಡನ್ನಿನಲ್ಲಿ 1580ರಲ್ಲಿ ಸೂಜಿ ಪೂರ್ವಕ್ಕೆ 11 ಅಂಶಗಳಿಗೂ ಮಿಕ್ಕು ವಾಲಿತ್ತು. 1634ರಲ್ಲಿ ಹೆನ್ರಿ ಗೆಲ್ಲಿಬ್ರಾಂಡ್ ಅಳೆದಾಗ ಉಳಿದದ್ದು ಸುಮಾರು 4 ಅಂಶ ಮಾತ್ರ. ಊರು ಅದೇ, ಸೂಜಿಯ ಗುಣವೂ ಅದೇ. ಬದಲಾದದ್ದು ಭೂಮಿಯ ಕಾಂತತ್ವವೆಂದೇ ಒಪ್ಪಬೇಕಾಯಿತು. ಇದು ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ. ಹಳೆಯ ನಕ್ಷೆಯ ದಿಕ್ಪಾತವನ್ನು ನಂಬಿದ ಹಡಗು ದಿನೇದಿನೇ ದಾರಿ ತಪ್ಪುತ್ತ ಹೋಗುತ್ತದೆ. ಖಗೋಳಜ್ಞ ಎಡ್ಮಂಡ್ ಹ್ಯಾಲಿ ಭೂಮಿಗೆ ನಾಲ್ಕು ಕಾಂತಧ್ರುವಗಳಿವೆಯೆಂದೂ, ಭೂಗರ್ಭದಲ್ಲಿ ಬೇರೆ ವೇಗದಿಂದ ತಿರುಗುವ ಇನ್ನೊಂದು ಗೋಳವಿದೆಯೆಂದೂ ಊಹಿಸಿದ್ದುಂಟು. ಅದೇ ಹ್ಯಾಲಿ 1698ರಿಂದ 1700ರವರೆಗೆ ಅಟ್ಲಾಂಟಿಕ್ ಸಾಗರದಲ್ಲಿ ಸಂಚರಿಸಿ, ಸಮಾನ ದಿಕ್ಪಾತದ ಸ್ಥಳಗಳನ್ನು ಗೆರೆಗಳಿಂದ ಜೋಡಿಸಿದ ನಕ್ಷೆಯನ್ನು ನಾವಿಕರ ಕೈಗಿತ್ತ.

ಕಾಂತಧ್ರುವದ ಬಳಿ ನಿಂತು ಅದನ್ನು ಅಳೆದವರಲ್ಲಿ ಮೊದಲಿಗ ಜೇಮ್ಸ್ ಕ್ಲಾರ್ಕ್ ರಾಸ್. ಅವನ ಚಿಕ್ಕಪ್ಪ ಜಾನ್ ರಾಸನ ಹಡಗು ಕೆನಡಾದ ಉತ್ತರದ ಹಿಮದಲ್ಲಿ ಸಿಕ್ಕಿಬಿದ್ದಿದ್ದ ಕಾಲದಲ್ಲಿ, 1831ರ ಜೂನ್ 1ರಂದು, ಅವನು ಬೂತಿಯಾ ಪರ್ಯಾಯದ್ವೀಪದ ಪಶ್ಚಿಮ ತೀರಕ್ಕೆ ನಡೆದು ಬಂದ. ಅಲ್ಲಿ ನತಿ 89 ಅಂಶ 59 ಕಲೆ. ಲಂಬಕ್ಕೆ ಒಂದೇ ಒಂದು ಕಲೆ ಕಡಿಮೆ. ದಾರದಲ್ಲಿ ತೂಗುಹಾಕಿದ ಸೂಜಿಗಳು ಯಾವ ದಿಕ್ಕನ್ನೂ ಹಿಡಿಯದೆ ಹೋದವು. ಆ ಬೋಳು ತೀರದಲ್ಲಿ ಗುರುತಿಗೆಂದು ಅವನ ಜೊತೆಗಾರರು ಕಲ್ಲುಗಳ ಗುಪ್ಪೆಯನ್ನು ಕಟ್ಟಿ ಧ್ವಜವನ್ನು ನೆಟ್ಟರು. ಸುಮಾರು ಎಪ್ಪತ್ತು ವರ್ಷಗಳ ಅನಂತರ ನಾರ್ವೆಯ ರೋಆಲ್ಡ್ ಅಮುಂಡ್‌ಸೆನ್ ಅದೇ ಪ್ರದೇಶದಲ್ಲಿ ಎರಡು ಚಳಿಗಾಲಗಳನ್ನು ಕಳೆದು ಮತ್ತೆ ಅಳತೆ ಮಾಡಿದಾಗ ಧ್ರುವ ಆ ಗುಪ್ಪೆಯ ಬಳಿ ಇರಲಿಲ್ಲ. ಅದು ಸುಮಾರು 50 ಕಿಲೋಮೀಟರುಗಳಷ್ಟು ಸರಿದಿತ್ತು.

ಈ ನಡುವೆ ಜರ್ಮನಿಯ ಮಹಾಗಣಿತಜ್ಞ ಗೌಸ್ ಧ್ರುವದ ಲಕ್ಷಣವನ್ನೇ ಶೋಧಿಸಿ ಹೇಳಿದ್ದ. 1839ರಲ್ಲಿ ಅವನು ಪ್ರಕಟಿಸಿದ ಸಿದ್ಧಾಂತದ ಪ್ರಕಾರ ಭೂಕಾಂತತ್ವದ ಮೂಲ ಬಹುಮಟ್ಟಿಗೆ ಭೂಮಿಯ ಒಳಗೇ ಇದೆ. ಅಡ್ಡಲಾಗಿ ಎಳೆಯುವ ಬಲ ಸೊನ್ನೆಯಾಗಿ, ಲಂಬವಾಗಿ ಎಳೆಯುವ ಬಲ ಮಾತ್ರ ಉಳಿಯುವ ಸ್ಥಳವೇ ಕಾಂತಧ್ರುವ. ಆದರೆ ಅದೇ ಗಣಿತದಿಂದ ಇನ್ನೊಂದು ಧ್ರುವವೂ ಹುಟ್ಟಿತು. ಭೂಮಿಯ ಇಡೀ ಕಾಂತಕ್ಷೇತ್ರಕ್ಕೆ ಬದಲಾಗಿ ಭೂಕೇಂದ್ರದಲ್ಲಿ ಒಂದೇ ಒಂದು ಪುಟ್ಟ ದಂಡಕಾಂತವಿದೆಯೆಂದು ಭಾವಿಸಿ, ಅದನ್ನು ಕ್ಷೇತ್ರಕ್ಕೆ ಆದಷ್ಟು ಚೆನ್ನಾಗಿ ಹೊಂದುವಂತೆ ಓರೆಯಾಗಿಟ್ಟರೆ, ಅದರ ರೇಖೆ ನೆಲವನ್ನು ಸೇರುವ ಎರಡು ಬಿಂದುಗಳು ಭೂಕಾಂತೀಯ ಧ್ರುವಗಳು. ಉತ್ತರದ್ದು ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿದೆ. ಅಲ್ಲಿ ಸೂಜಿಯನ್ನು ಹಿಡಿದರೆ ಅದು ನೆಟ್ಟಗೆ ನಿಲ್ಲುವುದಿಲ್ಲ, ಏಕೆಂದರೆ ಈ ಧ್ರುವ ಇರುವುದು ಲೆಕ್ಕದಲ್ಲಿ. ಹಾಗೆಂದು ಅದು ಹುಸಿಯೂ ಅಲ್ಲ. ದೂರದ ಅಂತರಿಕ್ಷಕ್ಕೆ ಭೂಮಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ದಂಡಕಾಂತದ ರೂಪದಲ್ಲಿಯೇ. ಧ್ರುವಪ್ರಭೆಗಳು ಉಂಗುರವಾಗಿ ಬೆಳಗುವುದೂ ಸ್ಥೂಲವಾಗಿ ಈ ಧ್ರುವಗಳ ಸುತ್ತಲೇ. ಇನ್ನೂ ಒಂದು ಸೋಜಿಗವುಂಟು. ವಿಜಾತಿಯ ತುದಿಗಳು ಒಂದನ್ನೊಂದು ಆಕರ್ಷಿಸುವುದು ನಿಯಮವಾದ್ದರಿಂದ, ಸೂಜಿಯ ಉತ್ತರದ ತುದಿಯನ್ನು ಸೆಳೆಯುವ ಭೂಮಿಯ ಉತ್ತರದ ಕಾಂತಧ್ರುವ ಭೌತಶಾಸ್ತ್ರದ ಭಾಷೆಯಲ್ಲಿ ದಕ್ಷಿಣ ಧ್ರುವ!

ಲಕ್ಷಣಗಳ ಈ ತೊಡಕು ಮನುಷ್ಯರ ಪ್ರಾಣಕ್ಕೇ ತಗುಲಿದ ಸಂದರ್ಭವೊಂದನ್ನು ಇಲ್ಲಿ ಸ್ಮರಿಸಬೇಕು. ಷ್ಯಾಕಲ್‌ಟನ್ನನ ಅಂಟಾರ್ಕ್ಟಿಕ ಯಾತ್ರೆಯ ಅಂಗವಾಗಿ ಎಡ್ಜ್‌ವರ್ತ್ ಡೇವಿಡ್, ಡಗ್ಲಸ್ ಮಾಸನ್, ಅಲಿಸ್ಟೇರ್ ಮೆಕೇ ಎಂಬ ಮೂವರು 1908ರ ಕೊನೆಯಲ್ಲಿ ದಕ್ಷಿಣ ಕಾಂತಧ್ರುವವನ್ನು ಅರಸಿ ಹೊರಟರು. ನಾಯಕ ಡೇವಿಡ್‌ಗೆ ಆಗ ಐವತ್ತು ವರ್ಷ. ನಾಯಿಗಳಿಲ್ಲ, ಕುದುರೆಗಳಿಲ್ಲ, ಜಾರುಬಂಡಿಗಳನ್ನು ತಾವೇ ಎಳೆಯಬೇಕು. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ನಡೆದು 1909ರ ಜನವರಿಯಲ್ಲಿ ಧ್ರುವದ ಸಮೀಪಕ್ಕೆ ಬಂದಾಗ ಮಾಸನ್ ಲೆಕ್ಕ ಹಾಕಿ ಒಂದು ಮಾತು ಹೇಳಿದ. ಕಾಂತಧ್ರುವ ದಿನದಲ್ಲಿಯೇ ಅತ್ತಿತ್ತ ಅಲೆಯುತ್ತದೆ; ತಾವು ಇದ್ದಲ್ಲಿಯೇ ಇಪ್ಪತ್ತನಾಲ್ಕು ಗಂಟೆ ಕಾದರೆ ಅದು ತಾನಾಗಿ ತಮ್ಮ ಕಾಲಡಿಗೆ ಬಂದೀತು ಎಂದು. ಅವರು ಕಾಯಲಿಲ್ಲ. ಸರಾಸರಿಯ ಸ್ಥಾನವೇ ನಿಜವಾದ ಧ್ರುವವೆಂದು ನಿಶ್ಚಯಿಸಿ, ಇನ್ನೂ ಸುಮಾರು 20 ಕಿಲೋಮೀಟರು ನಡೆದು, ಜನವರಿ 16ರಂದು ಧ್ವಜವನ್ನೇರಿಸಿದರು. ಹಿಂದಿರುಗುವ ಹಾದಿಯಲ್ಲಿ ಅವರು ಬದುಕಿ ಹಡಗನ್ನು ಸೇರಿದ್ದು ಕೂದಲೆಳೆಯ ಅಂತರದಲ್ಲಿ. ಒಟ್ಟು ನಡೆದದ್ದು 2,000 ಕಿಲೋಮೀಟರು. ಅವರು ನಿಂತದ್ದು ನಿಜವಾದ ಧ್ರುವದಲ್ಲಿಯೇ ಹೌದೇ ಎಂಬ ಬಗೆಗೆ ಮುಂದೆ ಸಂಶಯಗಳು ಎದ್ದವು. ಆ ಧ್ರುವವೋ ಈಗ ಅಂಟಾರ್ಕ್ಟಿಕದ ನೆಲವನ್ನೇ ಬಿಟ್ಟು, ತೀರದಾಚೆಯ ಸಮುದ್ರದಲ್ಲಿದೆ.

ಭಾರತಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಕಾಂತಮಾಪನಗಳು ನಡೆದುವು. ನಗರಕ್ಕೆ ವಿದ್ಯುತ್ ಟ್ರಾಮುಗಳು ಬರಲಿದ್ದುದರಿಂದ ಅವುಗಳ ಪ್ರವಾಹ ಸೂಜಿಗಳನ್ನು ಕದಡೀತೆಂದು 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯವನ್ನು ತೆರೆಯಲಾಯಿತು. ನತಿಯೇ ಇಲ್ಲದೆ ಸೂಜಿ ಮಟ್ಟಸವಾಗಿ ನಿಲ್ಲುವ ಕಾಂತ ವಿಷುವರೇಖೆ ನಮ್ಮ ದೇಶದ ದಕ್ಷಿಣದ ತುದಿಯ ಬಳಿ ಹಾದುಹೋಗುತ್ತದೆ. ಕರ್ನಾಟಕದಲ್ಲಿ ದಿಕ್ಪಾತ ಒಂದೆರಡು ಅಂಶಗಳನ್ನು ಮೀರದು. ಆದ್ದರಿಂದಲೇ ನಮ್ಮ ಶಾಲೆಯ ಮಕ್ಕಳಿಗೆ ದಿಕ್ಸೂಚಿ ಸತ್ಯವಂತನಾಗಿ ಕಾಣುತ್ತದೆ. ಧ್ರುವಪ್ರದೇಶದ ಸಮೀಪದಲ್ಲಿರುವವರಿಗೆ ಅದನ್ನು ಹಾಗೆ ನಂಬುವಂತಿಲ್ಲ. ಕೆನಡಾದಲ್ಲಿದ್ದ ಉತ್ತರ ಕಾಂತಧ್ರುವ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ವೇಗವನ್ನು ಹೆಚ್ಚಿಸಿಕೊಂಡು, ವರ್ಷಕ್ಕೆ 50 ಕಿಲೋಮೀಟರಿಗೂ ಮಿಕ್ಕು ಸೈಬೀರಿಯದ ಕಡೆಗೆ ಓಡತೊಡಗಿತು. ಐದು ವರ್ಷಗಳಿಗೊಮ್ಮೆ ಪರಿಷ್ಕರಿಸುವ ಜಾಗತಿಕ ಕಾಂತಮಾದರಿಯನ್ನು 2019ರಲ್ಲಿ ಅವಧಿಗೆ ಮುನ್ನವೇ ತಿದ್ದಬೇಕಾಯಿತು. ಈಚೆಗೆ ಅದರ ವೇಗ ತಗ್ಗಿದೆ. ಭೂಗರ್ಭದ ಹೊರತಿರುಳಿನಲ್ಲಿ ಕರಗಿದ ಕಬ್ಬಿಣದ ಪ್ರವಾಹಗಳೇ ಇದಕ್ಕೆಲ್ಲ ಕಾರಣ.

ಕಾಂತಧ್ರುವ ಹೇಗೂ ಚಂಚಲ. ಭೌಗೋಳಿಕ ಧ್ರುವವಾದರೂ ಸ್ಥಿರವಲ್ಲವೇ ಎಂದು ಕೇಳಬಹುದು. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ತಲುಪಿದ ಅಮುಂಡ್‌ಸೆನ್, ತನ್ನ ಅಳತೆ ತಪ್ಪಿರಬಹುದೆಂದು, ಸಹಚರರನ್ನು ಮೂರು ದಿಕ್ಕುಗಳಿಗೆ ಸುಮಾರು 20 ಕಿಲೋಮೀಟರು ದೂರ ಕಳುಹಿಸಿ ಧ್ರುವವನ್ನು ಸುತ್ತುಗಟ್ಟಿದ. ಸೂರ್ಯನ ಎತ್ತರ ದಿನವಿಡೀ ಬದಲಾಗದೆ ಇರುವುದನ್ನು ಗಂಟೆಗಂಟೆಗೂ ನೋಡಿದ. ಅವನ ಎಚ್ಚರ ಸಾರ್ಥಕವೇ ಸರಿ. ಆದರೆ ಅಲ್ಲಿ ಕಾಲಿಡುವುದು ಹಿಮದ ಹಾಳೆಯ ಮೇಲೆ. ಆ ಹಿಮ ವರ್ಷಕ್ಕೆ ಸುಮಾರು 10 ಮೀಟರು ಹರಿಯುತ್ತದೆ. ಅದಕ್ಕಾಗಿಯೇ ಈಗ ಪ್ರತಿ ವರ್ಷ ಜನವರಿ 1ರಂದು ಧ್ರುವದ ಗುರುತುಗೂಟವನ್ನು ಹೊಸದಾಗಿ ನೆಡುತ್ತಾರೆ.

ಹಿಮದ ಮಾತಿರಲಿ, ಅಕ್ಷವೇ ಭೂಮಿಯೊಳಗೆ ಅಲುಗುತ್ತದೆ. ಭೂಮಿಯ ಆಕಾರದ ಅಕ್ಷವೂ ತಿರುಗುವಿಕೆಯ ಅಕ್ಷವೂ ಕೂದಲೆಳೆಯಷ್ಟು ಬೇರೆಯಾದರೂ ಧ್ರುವ ಸುಮಾರು ಹತ್ತು ತಿಂಗಳಿಗೊಮ್ಮೆ ಒಂದು ಚಿಕ್ಕ ಸುತ್ತು ಹಾಕಬೇಕೆಂದು ಆಯ್ಲರ್ 1765ರಲ್ಲಿ ಗಣಿಸಿದ್ದ. ಹತ್ತು ತಿಂಗಳ ಚಲನೆಯನ್ನು ಹುಡುಕಿದವರಿಗೆ ಏನೂ ಸಿಗಲಿಲ್ಲ. 1888ರಲ್ಲಿ ಬರ್ಲಿನ್ನಿನ ಕ್ಯುಸ್ಟ್‌ನರ್ ಆ ಊರಿನ ಅಕ್ಷಾಂಶವೇ ಬದಲಾಗುತ್ತಿದೆಯೆಂದು ತೋರಿಸಿದ. ಅಮೆರಿಕದಲ್ಲಿ ವಿಮಾ ಗಣಿತದ ಉದ್ಯೋಗದಲ್ಲಿದ್ದ ಸೆತ್ ಚಾಂಡ್ಲರ್, ಯಾವ ಸಿದ್ಧಾಂತಕ್ಕೂ ಕಟ್ಟುಬೀಳದೆ ಅಂಕಿಗಳನ್ನೇ ಪರೀಕ್ಷಿಸಿ, ಅವಧಿ ಹತ್ತಲ್ಲ, ಸುಮಾರು ಹದಿನಾಲ್ಕು ತಿಂಗಳೆಂದು 1891ರಲ್ಲಿ ಕಂಡುಹಿಡಿದ. ಭೂಮಿ ಗಟ್ಟಿ ಕಲ್ಲಿನಂತಲ್ಲದೆ ತುಸು ಬಾಗಬಲ್ಲದ್ದು. ಸಾಗರಗಳೂ ಅದರೊಡನೆ ಓಲಾಡುತ್ತವೆ. ಆಯ್ಲರನ ಲೆಕ್ಕಕ್ಕೆ ತಪ್ಪಿಹೋದದ್ದು ಇದು. 1899ರಿಂದ 39 ಅಂಶ 8 ಕಲೆ ಉತ್ತರ ಅಕ್ಷಾಂಶದ ಮೇಲೆ ಜಗತ್ತಿನ ಸುತ್ತ ಆರು ಕೇಂದ್ರಗಳನ್ನು ಸ್ಥಾಪಿಸಿ, ಅವೇ ನಕ್ಷತ್ರಗಳನ್ನು ಇರುಳಿರುಳೂ ನೋಡಿ ಧ್ರುವದ ಹೆಜ್ಜೆಗಳನ್ನು ಹಿಂಬಾಲಿಸಿದರು. ಧ್ರುವ ಹತ್ತಾರು ಮೀಟರುಗಳ ಅಂಗಳದಲ್ಲಿ ಸುರುಳಿಸುರುಳಿಯಾಗಿ ಸುತ್ತುತ್ತಿತ್ತು. ಹೀಗೆ ಅಲೆಯುವ ಬಿಂದುವಿನಿಂದ ನಕ್ಷೆಗಳನ್ನು ಬರೆಯುವುದೆಂತು? 1900ರಿಂದ 1905ರವರೆಗಿನ ಸರಾಸರಿ ಸ್ಥಾನವನ್ನೇ ಧ್ರುವವೆಂದು ಗ್ರಹಿಸೋಣವೆಂದು ವಿಜ್ಞಾನಿಗಳು 1967ರಲ್ಲಿ ಒಪ್ಪಂದ ಮಾಡಿಕೊಂಡರು. ಅಂದಿನಿಂದ ಭೂಮಿ ತಿರುಗುವ ಧ್ರುವ ಒಂದು, ನಕ್ಷೆಯ ಧ್ರುವ ಇನ್ನೊಂದು. ಮೊದಲನೆಯದು ಪ್ರಕೃತಿಯದು, ಎರಡನೆಯದು ಮನುಷ್ಯರ ಪರಸ್ಪರ ವಿಶ್ವಾಸದ ಮೇಲೆ ನಿಂತದ್ದು.

ಈ ಕಥೆಗೆ ಈಚಿನ ಒಂದು ಅಧ್ಯಾಯ ಸೇರಿದೆ. ಸುತ್ತುವುದರ ಜೊತೆಗೆ ಧ್ರುವ ನಿಧಾನವಾಗಿ ಒಂದು ಕಡೆಗೆ ಜರುಗುತ್ತಲೂ ಇದೆ. ಹಿಮ ಕರಗಿ ಸಮುದ್ರ ಸೇರುವುದು ಇದಕ್ಕೆ ಒಂದು ಕಾರಣ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮತ್ತೊಂದು ಕಾರಣವನ್ನು ಎತ್ತಿ ತೋರಿತು. 1993ರಿಂದ 2010ರವರೆಗೆ ಮನುಷ್ಯರು ಭೂಮಿಯೊಳಗಿಂದ ಮೇಲೆತ್ತಿ ಖಾಲಿ ಮಾಡಿದ ನೀರು ಸುಮಾರು 2,15,000 ಕೋಟಿ ಟನ್ನುಗಳೆಂದೂ, ಆ ಭಾರ ಸ್ಥಳಾಂತರಗೊಂಡದ್ದರಿಂದಲೇ ಧ್ರುವ ಸುಮಾರು 80 ಸೆಂಟಿಮೀಟರು ಸರಿದಿರಬೇಕೆಂದೂ ಅದರ ಗಣನೆ. ಹೀಗೆ ನೀರು ಬರಿದಾದ ಮುಖ್ಯ ಪ್ರದೇಶಗಳಲ್ಲಿ ಪಶ್ಚಿಮ ಉತ್ತರ ಅಮೆರಿಕ ಒಂದು. ನಮ್ಮ ವಾಯವ್ಯ ಭಾರತ ಇನ್ನೊಂದು.

ಎಂಬತ್ತು ಸೆಂಟಿಮೀಟರು ಎಂದರೆ ಒಂದು ಗಜಕ್ಕೂ ಕಡಿಮೆ. ಅದರಿಂದ ಋತುಗಳೇನೂ ಬದಲಾಗವು, ಹಡಗುಗಳೂ ದಾರಿ ತಪ್ಪವು. ಆದರೆ ಅರ್ಥವನ್ನು ಗಮನಿಸಬೇಕು. ಧ್ರುವವನ್ನು ಅರಸಿ ಹೋದವರು ತಮಗಿಂತ ಬೇರೆಯಾದ, ತಮ್ಮ ಕೈಗೆ ನಿಲುಕದ ಒಂದು ನೆಲೆಯನ್ನು ಹುಡುಕಿದರು. ಗೋಧಿಯ, ಬತ್ತದ ಗದ್ದೆಗಳಿಗೆ ಕೊಳವೆಬಾವಿಗಳಿಂದ ನೀರೆತ್ತಿದ ರೈತನೂ ಆ ನೆಲೆಯನ್ನು ಅಲುಗಿಸಿದವರಲ್ಲಿ ಒಬ್ಬನೆಂದು ಇಂದಿನ ಅಳತೆ ಹೇಳುತ್ತಿದೆ. ಧ್ರುವವು ಭೂಮಿಯ ತೂಕದ ಲೆಕ್ಕಪುಸ್ತಕವಾಗಿದೆ. ಅದರಲ್ಲಿ ನಮ್ಮ ಹೆಸರಿನ ಖರ್ಚೂ ಈಗ ಬರೆಯಲ್ಪಡುತ್ತಿದೆ.