ಕ್ಷೇತ್ರಗಳ ನೆರಳಿನಲ್ಲಿ ಬೆಳೆದ ಸಂಸ್ಥೆಗಳು

ಜಿನಬಿಂಬ ಪ್ರತಿಷ್ಠೆಯ ಮಂಗಲ ಸಂದರ್ಭದಲ್ಲಿ ಶ್ರಾವಕ-ಶ್ರಾವಿಕೆಯರು ಒಂದೆಡೆ ನೆರೆಯುವುದು ನಮ್ಮಲ್ಲಿ ಪೂರ್ವಕಾಲದಿಂದ ಬಂದ ಪದ್ಧತಿ. ಹಾಗೆ ನೆರೆದವರು ಪೂಜೆ ಮುಗಿದೊಡನೆ ಚದುರಿಹೋಗದೆ, ಸಮಾಜದ ಕೊರತೆಯೊಂದನ್ನು ಕುರಿತು ಚಿಂತಿಸಿ ಕಾರ್ಯಕ್ಕಿಳಿದರೆ ಹೊಸ ಸಂಸ್ಥೆ ಜನ್ಮ ತಾಳುತ್ತದೆ.

ನಮ್ಮ ಸಮಾಜದ ಇತಿಹಾಸದಲ್ಲಿಯೇ ಇದಕ್ಕೆ ಉಜ್ವಲ ನಿದರ್ಶನವುಂಟು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾಯಿತು. ಆ ಸೀಮೆಯ ಜೈನರಲ್ಲಿ ಬಹುಪಾಲು ಒಕ್ಕಲುತನದವರು. ಮಕ್ಕಳನ್ನು ಪಟ್ಟಣದ ಶಾಲೆಗೆ ಕಳುಹಿಸಿದರೆ ಸೂರ್ಯಾಸ್ತಕ್ಕೆ ಮುಂಚಿನ ಊಟ, ಸೋಸಿದ ನೀರು ದೊರೆಯುವ ಬಗೆ ಹೇಗೆ? ಕೊಲ್ಲಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಸಭೆಯು ತೆರೆದ ವಿದ್ಯಾರ್ಥಿನಿಲಯಗಳು ಇದಕ್ಕೆ ಉತ್ತರವಾದವು. ಸಭೆಯ ಪ್ರಮುಖರಾದ ಅಣ್ಣಾಸಾಹೇಬ ಲಠ್ಠೆಯವರು 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಸಚಿವರಾದರು. ಕೊಲ್ಲಾಪುರದ ಜೈನ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಸರ್ವ ಜಾತಿಯ ಬಡ ಮಕ್ಕಳಿಗೂ ವಿದ್ಯೆಯ ಬಾಗಿಲು ತೆರೆದರು. ಒಂದು ದೀಪದಿಂದ ಮತ್ತೊಂದು ದೀಪ ಹೊತ್ತುವುದೆಂದರೆ ಇದೇ.

ಇನ್ನು ನಮ್ಮ ಬೀದರ ಸೀಮೆಯತ್ತ ನೋಡೋಣ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಕನ್ನಡ ಮನೆಮಾತಾಗಿಯಷ್ಟೇ ಉಳಿದಿತ್ತು. ಆಗ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಜನಿಸಿ, ಭಾಲ್ಕಿ ಹಿರೇಮಠದ ಪೀಠವನ್ನಲಂಕರಿಸಿದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ, ಒಳಗೆ ಕನ್ನಡ ಪಾಠ ಹೇಳಿಸಿದರು. 1999ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರ ಸಾಹಸವನ್ನು ಈ ನಾಡಿನ ಸರ್ವ ಮತದವರೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರು ರಾಜ್ಯಕ್ಕೆ ಬಂದವು. ನಂಟಸ್ತಿಕೆಗೆ ಗಡಿಯಿಲ್ಲದಿದ್ದರೂ ಕಚೇರಿಗೆ ಗಡಿಯುಂಟು. ಆಯಾ ಊರವರೇ ತಮ್ಮ ಸಂಸ್ಥೆಗಳನ್ನು ಕಟ್ಟಿಕೊಳ್ಳಬೇಕಾಯಿತು. ಬೀದರ ನಗರದಲ್ಲಿ ನಾನಕ ಝೀರಾದ ಸಿಖ್ ಬಂಧುಗಳು ಸಂಖ್ಯೆಯಲ್ಲಿ ಅಲ್ಪರಾದರೂ 1980ರಲ್ಲಿ ಗುರುನಾನಕ ದೇವ ಇಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿದರು. ಅಲ್ಪಸಂಖ್ಯಾತರಾದ ನಮಗೆ ಇದೊಂದು ಪಾಠ.

ಇವೆಲ್ಲವುಗಳ ಮೂಲ ಒಂದೇ: ಕಣ್ಣಿಗೆ ಕಾಣುವ ಒಂದು ಕೊರತೆ, ನೆರಳು ನೀಡುವ ಒಂದು ಕ್ಷೇತ್ರ, ಹೊಣೆ ಹೊರುವ ನಾಲ್ಕು ಜನ. ಸ್ಥಾಪನೆಗೆ ಒಂದು ದಿನದ ಉತ್ಸಾಹ ಸಾಕು. ಉಳಿವಿಗೆ ವರ್ಷವರ್ಷವೂ ಸಲ್ಲುವ ವಂತಿಗೆ, ಸಭೆಯ ಮುಂದಿಡುವ ಶುದ್ಧ ಲೆಕ್ಕಪತ್ರ, ಹಿರಿಯರ ಕೈಯಿಂದ ಹೊಣೆ ವಹಿಸಿಕೊಳ್ಳುವ ತರುಣರು ಬೇಕು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಇಂದು ವಿದ್ಯಾರ್ಥಿನಿಲಯ, ಗ್ರಂಥಾಲಯಗಳೇ ತಕ್ಕ ರೂಪ. ಬಿಂಬಪ್ರತಿಷ್ಠೆಗಾಗಿ ಕೂಡಿದ ಈ ಸಂಘವು ಅಂಥದೊಂದು ಸಂಕಲ್ಪವನ್ನೂ ಕೈಗೊಂಡರೆ ಪ್ರತಿಷ್ಠೆಯ ಪುಣ್ಯ ಮುಂದಿನ ಪೀಳಿಗೆಗೂ ಸಲ್ಲುವುದು.