ಅತಿಥಿ ಕಂಡ ಮಹಾನವಮಿ

ನಮ್ಮ ಕಂಪ್ಲಿಯವರಿಗೆ ಹಂಪಿ ಎಂದರೆ ನೆಂಟರು ಬಂದಾಗ ಕರೆದೊಯ್ಯುವ ಜಾಗ. ಒಂದು ದಸರಾ ರಜೆಯಲ್ಲಿ ಮಾತ್ರ ನೆಂಟರ ಕಾಟವಿಲ್ಲದೆ ಒಬ್ಬನೇ ಹೋಗಿ ಮಹಾನವಮಿ ದಿಬ್ಬದ ಮೆಟ್ಟಿಲ ಮೇಲೆ ಕುಳಿತಿದ್ದೆ. ಸ್ಪೇನಿನಿಂದ ರಜೆ ಕಳೆಯಲು ಬಂದಿದ್ದ ಗಂಡ ಹೆಂಡತಿ ಪಕ್ಕದಲ್ಲಿ ಬಂದು ಕುಳಿತರು. ಇಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿದರು. ಅರಸರು ಇಲ್ಲಿ ಕುಳಿತು ದಸರಾ ನೋಡುತ್ತಿದ್ದರು ಎಂದೆ.

"ಅದು ನಿಮಗೆ ಹೇಗೆ ಗೊತ್ತು?" ಎಂದಳು ಆಕೆ.

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಗೊತ್ತಾದದ್ದು ಹೆಚ್ಚಾಗಿ ಅವರ ನೆರೆಯವರಿಂದಲೇ! ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಕುದುರೆಗಳು ವಿಜಯನಗರಕ್ಕೆ ಬೇಕಿದ್ದವು. ಆ ದಾರಿಯಲ್ಲೇ ಸುಮಾರು 1520ರಲ್ಲಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಪಟ್ಟಣಕ್ಕೆ ಬಂದ. ಊರು ರೋಮಿನಷ್ಟು ದೊಡ್ಡದಾಗಿ ಕಂಡಿತವನಿಗೆ. ಒಂಬತ್ತು ದಿನದ ಹಬ್ಬವನ್ನು ನೋಡಿದ: ಸಿಂಗರಿಸಿದ ಆನೆ ಕುದುರೆಗಳು, ನರ್ತಕಿಯರು, ಜಟ್ಟಿಗಳ ಕುಸ್ತಿ, ಬಾಣಬಿರುಸು, ದಿನವೂ ಕೋಣ ಕುರಿಗಳ ಬಲಿ. ಎಲ್ಲವನ್ನೂ ಬರೆದಿಟ್ಟ. ಆ ಬರಹ ಪ್ಯಾರಿಸಿನ ಗ್ರಂಥಾಲಯವೊಂದರಲ್ಲಿ ಉಳಿದು, 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದ ಮೇಲೆ ನಮ್ಮ ಕೈಗೆ ಸಿಕ್ಕಿತು.

ಬಲಿಯ ಮಾತು ಕೇಳಿ ಆತ ಮುಖ ಸಿಂಡರಿಸಿದ. "ನಿಮ್ಮಲ್ಲಿ ಗೂಳಿ ಕಾಳಗ ಇಲ್ಲವೇ?" ಎಂದೆ. ಅದರ ಬಗ್ಗೆ ನಮ್ಮ ಮನೆಯಲ್ಲೇ ಜಗಳವಿದೆ ಎಂದು ಹೆಂಡತಿಯ ಕಡೆ ನೋಡಿ ನಕ್ಕ.

ಸಂಜೆ ಹೊಸಪೇಟೆಯಲ್ಲಿ ಅವರಿಗೆ ಮಂಡಕ್ಕಿ ಮಿರ್ಚಿ ಕೊಡಿಸಿದೆ. ಆತನ ಕಣ್ಣಲ್ಲಿ ನೀರು. ಇದೇ ನಿಮ್ಮ ದೇಶದ ಅಪ್ಪಟ ಅಡುಗೆ ಇರಬೇಕು ಎಂದ. ಮೆಣಸಿನಕಾಯಿ ಅಮೆರಿಕದ್ದು, ಕೊಲಂಬಸನ ಹಡಗಿನಲ್ಲಿ 1493ರಲ್ಲಿ ಮೊದಲು ಇಳಿದದ್ದು ನಿಮ್ಮ ಸ್ಪೇನಿನಲ್ಲಿ, ಆಮೇಲೆ ಪೋರ್ಚುಗೀಸರು ನಮಗೆ ತಂದರು ಎಂದೆ. ಪಾಪ, ಅಷ್ಟು ದೂರ ಬಂದು ತನ್ನ ಹಿರಿಯರು ಕಳಿಸಿದ್ದನ್ನೇ ತಿಂದು ಅತ್ತಿದ್ದ. ನಾವು ದಿನವೂ ಹೇಳುವ ಪಗಾರವೂ ಆ ಹಡಗುಗಳ ಋಣವೇ.

ಮರುದಿನ, ಅವರು ಹೊರಟ ಮೇಲೆ, ಹೊಸಪೇಟೆಯ ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲಿಗೆ ಕಟ್ಟಿದ ರಾಯರ ಕೆರೆಯ ಏರಿಗೆ ಹೋದೆ. ಈ ಊರನ್ನು ನಾಗಲಾಪುರವೆಂದು ಕಟ್ಟಿಸಿದ ರಾಯನೇ ಕೆರೆಯನ್ನೂ ಕಟ್ಟಿಸಿದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುವುದನ್ನು ಪಾಯೆಸ್ ಕಂಡ. ಕೆರೆ ಮತ್ತೆ ಮತ್ತೆ ಒಡೆದಾಗ ಮನುಷ್ಯರ ತಲೆ ಕಡಿಸಿದರೆಂದೂ ಬರೆದ. ಮುಂದೆ ಬಂದ ನ್ಯೂನಿಜ್, ಕಲ್ಲುಕೆಲಸಕ್ಕೆ ಗೋವೆಯಿಂದ ಬಂದ ಜೊವಾಂವ್ ದೆಲ್ಲಾ ಪೊಂಟೆಯ ಹೆಸರನ್ನೂ ಬರೆದಿಟ್ಟ.

ಮಣ್ಣು ಹೊತ್ತ ಸಾವಿರಾರು ಜನರಲ್ಲಿ ಒಬ್ಬನ ಹೆಸರನ್ನೂ ಯಾರೂ ಬರೆಯಲಿಲ್ಲ. ಅತಿಥಿ ಹಬ್ಬ ನೋಡಲು ಬಂದವನು, ಅಷ್ಟನ್ನಾದರೂ ಉಳಿಸಿಕೊಟ್ಟ. ಹೆಸರು ಕೇಳಿ ಬರೆದಿಡಬೇಕಾಗಿದ್ದವರು ಮನೆಯವರು. ನಾನೂ ಮನೆಯವನೇ, ಇಷ್ಟು ವರ್ಷ ಹಂಪಿಗೆ ಹೋಗಿಬಂದರೂ ಆ ದಿನದವರೆಗೆ ಈ ಏರಿಯನ್ನು ಹತ್ತಿರಲಿಲ್ಲ.